ಮುಳ್ಳು ಮೊದಲೋ, ಇಂಜಿನ್ ಮೊದಲೋ

ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬೆಳ್ಳಂಬೆಳಿಗ್ಗೆ ಜನ ಇದ್ದಕ್ಕಿದ್ದ ಹಾಗೆ ಎರಡೂ ಕಡೆ ಗೋಡೆಗೆ ಅಂಟಿಕೊಂಡರು ಅಂದರೆ ಹಾರ್ನಕ್ಕ ಬಂದಳು ಅಂತಲೇ ಅರ್ಥ. ಗಾಡಿ ಸಣ್ಣದು, ಹಳೇ ಪೆಟ್ರೋಲ್ ಪಿಕಪ್. ಹಾರ್ನು ಮಾತ್ರ ಲಾರಿಯದು. ಗುಜರಿ ಅಂಗಡಿಯಿಂದ ಅದನ್ನು ತಂದು ಹಾಕಿಸಿದ್ದು ಅವಳ ಗಂಡ. ಗಾಡಿ ಕಾಣಿಸದಿದ್ದರೂ ಪರವಾಗಿಲ್ಲ, ಕೇಳಿಸಬೇಕು ಅನ್ನುವುದು ಅವನ ವಾದ. ಅವನು ಜ್ವರ ಬಂದು ಒಂದು ವಾರದೊಳಗೆ ಹೋಗಿಬಿಟ್ಟ. ಗಾಡಿ ಉಳಿಯಿತು, ಹಾರ್ನು ಉಳಿಯಿತು, ಹೆಂಡತಿ ಉಳಿದಳು. ಈ ಮೂರನ್ನೂ ಏನು ಮಾಡೋದು ಅಂತ ಮನೆಯವರೆಲ್ಲ ಕೂತು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವಳು ಮೊಳೆಯಲ್ಲಿ ತೂಗುತ್ತಿದ್ದ ಕೀ ತೆಗೆದುಕೊಂಡು ಹೋಗಿ ಗಾಡಿ ಸ್ಟಾರ್ಟ್ ಮಾಡಿಯಾಗಿತ್ತು.

ಓಡಿಸೋದು ಅವಳಿಗೆ ಹೊಸದೇನಲ್ಲ. ಮೊದಲೆಲ್ಲ ಗಂಡನ ಪಕ್ಕ ಕೂತು ಐಸ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಐಸ್ ಗಡ್ಡೆಗಳ ಕೆಳಗೆ ಮರದ ಹೊಟ್ಟು ಹರಡಿ, ಮೇಲೆ ಗೋಣಿತಾಟು ಮುಚ್ಚಿ, ಸಂದಿಯಲ್ಲಿ ಗಾಳಿ ನುಸುಳದ ಹಾಗೆ ಜೋಡಿಸುವುದು ಅವಳ ಕೆಲಸ. ಸರದಿ ಬರುವ ತನಕ ಅಂಗಳದಲ್ಲಿ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಗಂಡ ಸ್ಟೇರಿಂಗ್ ಬಿಟ್ಟುಕೊಟ್ಟು, "ಒಂದು ಸುತ್ತು ಹಾಕು. ಗೋಡೆ ನಮ್ಮದಲ್ಲ, ನೋಡ್ಕೊಂಡು" ಅನ್ನುತ್ತಿದ್ದ. ಹಾಗೆ ಸುತ್ತು ಹಾಕಿ ಹಾಕಿ, ಗೋಡೆಗೆ ಒಂದೆರಡು ಸಲ ಮುತ್ತು ಕೊಟ್ಟು, ಕಲಿತಳು. ಲೈಸೆನ್ಸೂ ಮಾಡಿಸಿಕೊಂಡಳು. ಆಮೇಲೆ ಒಂಟಿಯಾಗಿ ಐಸ್ ತುಂಬಿಕೊಂಡು ಮಾರ್ಕೆಟ್ಟಿಗೆ ಹೋದ ಮೊದಲ ದಿನ ಮೀನಿನವರು ಕೈಚಪ್ಪಾಳೆ ತಟ್ಟಿ ನಕ್ಕರು. ಅವಳು ಹಾರ್ನು ಒತ್ತಿದಳು. ನಗು ನಿಂತಿತು. ಹೆಸರು ಮಾತ್ರ ಅಂಟಿಕೊಂಡಿತು.

ಮನೆಯಲ್ಲಿ ಅವಳೂ ಅತ್ತೆಯೂ ಇಬ್ಬರೇ. ಗಾಡಿಯ ಕಾಗದಪತ್ರ ಅತ್ತೆಯ ಹೆಸರಿನಲ್ಲಿ. ಈ ಅತ್ತೆ ಬಡಪೆಟ್ಟಿಗೆ ಬಗ್ಗುವ ಹೆಂಗಸಲ್ಲ. ಯಾವ ವಸ್ತುವನ್ನೂ ಬಿಸಾಡುವವಳಲ್ಲ. ಕಿಟಕಿಗಿದ್ದ ಹಸಿರು ಪರದೆ, ಅದರ ಮೇಲೆ ಹಳದಿ ಹೂವು, ಬಿಸಿಲಿಗೆ ಹರಿಯಿತು ಅಂತ ಅದನ್ನು ಚೌಕ ಚೌಕ ಕತ್ತರಿಸಿ ಅಡುಗೆಮನೆ ತುಂಬ ಮಸಿಬಟ್ಟೆ ಮಾಡಿಟ್ಟಿದ್ದಳು. ಬಿಸಿ ಪಾತ್ರೆ ಇಳಿಸಲಿಕ್ಕೆ ಒಂದು, ಒಲೆ ಒರೆಸಲಿಕ್ಕೆ ಒಂದು, ಡಬ್ಬದ ಮುಚ್ಚಳ ಸಡಿಲವಾಗಿದ್ದರೆ ಸಂದಿಗೆ ತುರುಕಲಿಕ್ಕೆ ಇನ್ನೊಂದು. ಸೊಸೆ ಗಾಡಿ ಓಡಿಸುವುದರ ಬಗ್ಗೆ ಅತ್ತೆಗೆ ಅಷ್ಟೇನೂ ತಕರಾರಿರಲಿಲ್ಲ. ತಕರಾರೆಲ್ಲ ಆ ಹಾರ್ನಿನ ಮೇಲೆ. ಗಾಡಿ ಮನೆ ತಿರುವಿಗೆ ಬಂತು ಅಂದರೆ ಎರಡೂ ಕಿವಿ ಮುಚ್ಚಿಕೊಂಡು, "ಬಂದ್ಲು ಮಹಾರಾಣಿ, ಊರಿಗೆಲ್ಲ ಡಂಗುರ" ಅನ್ನುತ್ತಿದ್ದಳು.

ತಿಂಗಳ ಹಿಂದೆ ಇದೇ ಹಾರ್ನಿನ ಮೇಲೆ ದೊಡ್ಡ ಜಗಳವೇ ಆಯಿತು. ಅತ್ತೆ, "ಆ ಶಬ್ದ ಕೇಳಿದ್ರೆ ನನ್ನ ಮಗ ಬಂದ ಅಂತ ಎದ್ದು ನಿಲ್ತೀನಿ ಕಣೇ, ಆಮೇಲೆ ನೀನು ಇಳೀತೀಯ" ಅಂದುಬಿಟ್ಟಳು. ಸೊಸೆಗೆ ಎದೆಗೆ ಚೂರಿ ಹಾಕಿದ ಹಾಗಾಯಿತು. "ಹಾಗಾದ್ರೆ ನಾನೇ ಹೋಗಿದ್ರೆ ಚೆನ್ನಾಗಿತ್ತು ಅನ್ನಿ" ಅಂತ ತಟ್ಟೆ ಸರಿಸಿ ಎದ್ದಳು. ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟ ಮೇಲೆ ಹೇಳಬೇಕಾದ್ದನ್ನು ಗೋಡೆಗೆ ಹೇಳುವುದು ಆ ಮನೆಯ ಪದ್ಧತಿ. ಅವತ್ತೇ ಪೆಟ್ರೋಲ್ ಬಂಕಿನವನು ಟ್ಯಾಂಕಿನ ಮುಚ್ಚಳ ಹಾಕಲು ಮರೆತು, ಅದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಹಾರ್ನಕ್ಕ ಗೋಡೆ ನೋಡಿಕೊಂಡು, "ಟ್ಯಾಂಕಿನ ಮುಚ್ಚಳ ಕಳೆದಿದೆ, ನಾಳೆ ತರಬೇಕು" ಅಂದಳು. ಅತ್ತೆ ಒಲೆ ನೋಡಿಕೊಂಡು, "ಹೂಂ" ಅಂತ ಒಲೆಗೆ ಹೇಳಿದಳು. ಮರುದಿನ ಹೊಸ ಮುಚ್ಚಳ ಬಂತು. ಮಾತು ಮತ್ತೆ ಶುರುವಾಗಲಿಕ್ಕೆ ಇನ್ನೂ ಒಂದಿಷ್ಟು ದಿನ ಹಿಡಿಯಿತು.

ಅದಾದ ಮೇಲೆ ಗಾಡಿಗೆ ರೋಗ ಹಿಡಿಯಿತು ನೋಡಿ.

ಮಾರ್ಕೆಟ್ಟಿನ ಹಿಂದೆ ಒಂದು ಕಡಿದಾದ ಏರು ಇದೆ. ಮೇಲಿನ ಹರಾಜುಕಟ್ಟೆಗೆ ಐಸ್ ಹೋಗಬೇಕಾದರೆ ಅದನ್ನು ಹತ್ತಲೇಬೇಕು. ಸಮ ರಸ್ತೆಯಲ್ಲಿ ಬೆಣ್ಣೆಯ ಹಾಗೆ ಓಡುವ ಗಾಡಿ, ಏರಿನ ಅರ್ಧಕ್ಕೆ ಬಂದಾಗ ಒಮ್ಮೆ ಮುಗ್ಗರಿಸುತ್ತಿತ್ತು, ಇನ್ನೊಮ್ಮೆ ಮುಗ್ಗರಿಸುತ್ತಿತ್ತು, ಆಮೇಲೆ ಗಪ್‌ಚಿಪ್. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಡೋರಿನಿಂದ ಐಸ್ ನೀರು ತೊಟ್ಟಿಕ್ಕಿ ಏರಿನ ತುಂಬ ಹರಿದಿರುತ್ತಿತ್ತು. ಮೇಲೆ ಮೀನಿನವರ ಬೈಗುಳ, ಕೆಳಗೆ ಹಿಂದಿನ ಗಾಡಿಗಳ ಬೈಗುಳ. ನಡುವೆ ಹಾರ್ನಕ್ಕ ಹ್ಯಾಂಡ್‌ಬ್ರೇಕ್ ಎಳೆದು, ಹಲ್ಲು ಕಡಿದು ಕೂತಿರುತ್ತಿದ್ದಳು.

ಗ್ಯಾರೇಜಿನ ಮೇಸ್ತ್ರಿ ಕೆಟ್ಟವನಲ್ಲ. ಅವಳ ಗಂಡನ ಕಾಲದಿಂದಲೂ ಈ ಗಾಡಿ ನೋಡಿಕೊಂಡವನು. ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ವೈರು ಬದಲಿಸಿದ. ಕೊನೆಗೆ ಪೆಟ್ರೋಲ್ ಎಷ್ಟು ಒತ್ತಡದಲ್ಲಿ ಬರುತ್ತಿದೆ ಅಂತ ನೋಡಲು ಪೈಪಿಗೆ ಪ್ರೆಶರ್ ಗೇಜ್ ಕೂಡ ಹಾಕಿದ. ಶೆಡ್ಡಿನಲ್ಲಿ ಇಂಜಿನ್ ಓಡುತ್ತಿದ್ದಷ್ಟು ಹೊತ್ತೂ ಗೇಜಿನ ಮುಳ್ಳು ಇರಬೇಕಾದ ಜಾಗದಲ್ಲೇ ಅಲುಗಾಡದೆ ನಿಂತಿತ್ತು. ಮೇಸ್ತ್ರಿ ಕೈ ಒರೆಸಿಕೊಂಡು, "ಪಂಪ್ ಸರಿಯಾಗಿದೆ ಅಕ್ಕ. ಗಾಡಿಯಲ್ಲಿ ಏನೂ ಇಲ್ಲ. ಬೇಜಾರ್ ಮಾಡ್ಕೋಬೇಡಿ, ಏರಿನಲ್ಲಿ ಕ್ಲಚ್ ಬಿಡೋದ್ರಲ್ಲಿ ನಿಮ್ಮ ಕಾಲು ಸ್ವಲ್ಪ..." ಅಂದ.

ಅಯ್ಯೋ, ಆ ಒಂದು ಮಾತು ಸಾಕಾಯಿತು! ಅದು ಹೋಗಿ ಭಾವನ ಕಿವಿಗೆ ಬಿತ್ತು. ಭಾವ ಅಂದರೆ ಗಂಡನ ಅಣ್ಣ, ಪಕ್ಕದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಗಿರಾಕಿಗಳು ಕನ್ನಡಕ ಹಾಕಿ ನೋಡುವಾಗ ಹೊರಗೆ ಹಾರ್ನಕ್ಕನ ಗಾಡಿ ಹೋದರೆ, "ಅವರು ನಿಮ್ಮ ತಮ್ಮನ ಹೆಂಡತಿ ಅಲ್ವಾ?" ಅಂತ ಕೇಳುತ್ತಾರಂತೆ. ಅದೇ ಅವನಿಗೆ ಅವಮಾನ. ಅವನು ಅಮ್ಮನ ತಲೆ ತಿನ್ನತೊಡಗಿದ. ಅಮ್ಮನೂ ಶುರು ಹಚ್ಚಿಕೊಂಡಳು. ಸಾರು ಬಡಿಸುವಾಗ ಕಾಲು ಸರಿ ಇಲ್ಲ, ಹಾಸಿಗೆ ಹಾಸುವಾಗ ಕಾಲು ಸರಿ ಇಲ್ಲ, ನನ್ನ ಮಗ ಓಡಿಸುವಾಗ ಒಂದು ದಿನ ನಿಲ್ಲಲಿಲ್ಲ. ಕೊನೆಗೆ ಕಡ್ಡಿ ಮುರಿದ ಹಾಗೆ ಹೇಳಿದಳು. "ಇನ್ನೊಂದು ಸಲ ಏರಿನಲ್ಲಿ ನಿಂತ್ರೆ ಮಾರಿಬಿಡ್ತೀನಿ. ನೀನು ಮನೇಲಿರು."

ಮರುದಿನ ಬೆಳಿಗ್ಗೆಯೇ ಗಾಡಿ ಏರಿನಲ್ಲಿ ಮತ್ತೆ ನಿಂತಿತು. ಮಧ್ಯಾಹ್ನದೊಳಗೆ ಭಾವ ಗಿರಾಕಿಯನ್ನೂ ಹುಡುಕಿಬಿಟ್ಟ. ಸಂಜೆ ಬಂದು ನೋಡಿಕೊಂಡು ಒಯ್ಯುತ್ತಾರಂತೆ.

ಮನೇಲಿರು. ಈ ನಾಲ್ಕಕ್ಷರದ ಮಾತು ಹಾರ್ನಕ್ಕನ ತಲೆಯಲ್ಲಿ ತಿರುಗಣಿಯ ಹಾಗೆ ಸುತ್ತುತ್ತಿತ್ತು. ಅವಳಿಗೆ ಗಾಡಿ ಅಂದರೆ ಹೊಟ್ಟೆಪಾಡು ಅಷ್ಟೇ ಆಗಿರಲಿಲ್ಲ. ಆ ಸೀಟಿನಲ್ಲಿ ಕೂತಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಮಾರ್ಕೆಟ್ಟಿಗೆ ಐಸ್ ತರುವವಳು. ಅವಳು ಬರದಿದ್ದರೆ ಅಷ್ಟು ಮೀನು ಕೆಡುತ್ತದೆ. ಅದನ್ನು ಬಿಟ್ಟು ಅಡುಗೆಮನೆಯ ಮೂಲೆಯಲ್ಲಿ ಮಸಿಬಟ್ಟೆಗಳ ಜೊತೆ ತಾನೂ ಒಂದು ಮೊಳೆಗೆ ನೇತುಬೀಳಬೇಕೇ? ಆಗೋ ಮಾತಲ್ಲ ಅಂದುಕೊಂಡಳು. ನನ್ನ ಕಾಲು ತಪ್ಪು ಮಾಡಿದ್ದರೆ ಗಾಡಿ ಬಿಟ್ಟುಕೊಡುತ್ತೇನೆ. ಮಾಡದ ತಪ್ಪಿಗೆ ಒಂದು ಬೋಲ್ಟನ್ನೂ ಕೊಡುವುದಿಲ್ಲ.

ನೇರ ಫ್ಯಾಕ್ಟರಿಗೆ ಹೋಗಿ ಮಧ್ಯಾಹ್ನದ ಲೋಡು ತುಂಬಿಸಿಕೊಂಡಳು. ಅಲ್ಲಿಂದ ಗ್ಯಾರೇಜಿಗೆ ಬಂದು, ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿ, ಹಾರ್ನಿನ ಮೇಲೆ ಕೈಯಿಟ್ಟಳು. ತೆಗೆಯಲೇ ಇಲ್ಲ. ತಗಡಿನ ಛಾವಣಿ ಗಡಗಡ ಅಂದಿತು. ಮೇಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡೇ ಓಡಿಬಂದ.

"ಏನಕ್ಕ ಇದು, ಕಿವಿ ಒಡೆದುಹೋಯ್ತು!"

"ನಿಮ್ಮ ಪ್ರೆಶರ್ ಗೇಜ್ ತಗೊಂಡು ಬನ್ನಿ. ಉದ್ದನೆ ಪೈಪ್ ಹಾಕಿ, ಬಾನೆಟ್ ಸಂದಿಯಿಂದ ಹೊರಗೆ ತೆಗೆದು, ಗ್ಲಾಸಿನ ಮೇಲೆ ಟೇಪ್ ಅಂಟಿಸಿ. ಒಳಗೆ ಕೂತವರಿಗೆ ಕಾಣಿಸ್ಬೇಕು."

"ಅಕ್ಕ, ಗೇಜ್ ಹಾಕಿ ನೋಡಿದ್ದೀನಲ್ಲ? ಮುಳ್ಳು ಕಲ್ಲಿನ ಹಾಗೆ ನಿಂತಿತ್ತು."

"ಎಲ್ಲಿ ನೋಡಿದ್ರಿ? ಶೆಡ್ಡಿನಲ್ಲಿ. ಶೆಡ್ಡಿನಲ್ಲಿ ಇದು ಯಾವತ್ತಾದ್ರೂ ಆಫ್ ಆಗಿದ್ಯಾ? ಜ್ವರ ಇಲ್ಲದಾಗ ಬಂದು ಜ್ವರ ನೋಡಿದ್ರೆ ಏನು ಗೊತ್ತಾಗುತ್ತೆ ಮೇಸ್ತ್ರಿ? ಲೋಡ್ ಹಾಕ್ಕೊಂಡು ಬಂದಿದ್ದೀನಿ. ಏರಿನಲ್ಲಿ ನೋಡೋಣ."

ಅವಳು ಬಿಡಲಿಲ್ಲ.

"ಒಂದು ಹೇಳಿ. ನನ್ನ ಕಾಲಿನಿಂದ ಗಾಡಿ ಆಫ್ ಆಗೋದಾದ್ರೆ ಇಂಜಿನ್ ಮೊದಲು ನಿಲ್ಬೇಕು. ಅಲ್ಲೀತನಕ ಮುಳ್ಳು ಇದ್ದಲ್ಲೇ ಇರ್ಬೇಕು. ಪೆಟ್ರೋಲ್ ಬರದೆ ಆಫ್ ಆಗೋದಾದ್ರೆ ಮುಳ್ಳು ಮೊದಲು ಬೀಳ್ಬೇಕು, ಆಮೇಲೆ ಇಂಜಿನ್ ನಿಲ್ಬೇಕು. ಹೌದೋ ಅಲ್ವೋ?"

ಮೇಸ್ತ್ರಿ "ಹೌದು" ಅಂದ. ಒಳಗೆ ಹೋಗಿ ಗೇಜ್ ತಂದ. ಪೈಪು ಜೋಡಿಸಿ, ಪೆಟ್ರೋಲ್ ಸೋರುತ್ತಿಲ್ಲ ಅಂತ ಎರಡೆರಡು ಸಲ ನೋಡಿ, ಗೇಜನ್ನು ಗಾಜಿನ ಹೊರಗೆ ಅಂಟಿಸಿದ. ಮುಳ್ಳು ನಿಲ್ಲಬೇಕಾದ ಕಡೆ ಕೆಂಪು ಟೇಪಿನ ಸಣ್ಣ ತುಂಡನ್ನೂ ಹಚ್ಚಿದ. ಆಮೇಲೆ ಒಂದು ದಪ್ಪ ಕಲ್ಲು ಎತ್ತಿಕೊಂಡು ಹಿಂದೆ ಐಸಿನ ಗೋಣಿತಾಟಿನ ಮೇಲೆ ಹತ್ತಿ ಕೂತ. ಏರಿನಲ್ಲಿ ಗಾಡಿ ನಿಂತರೆ ಚಕ್ರಕ್ಕೆ ಒತ್ತು ಕೊಡಬೇಕಲ್ಲ.

ಮುಳ್ಳು ನೋಡುವವರು ಯಾರು? ಅದನ್ನೂ ಅವಳು ತೀರ್ಮಾನ ಮಾಡಿಟ್ಟಿದ್ದಳು. ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಭಾವ ಸ್ಕೂಟರ್ ಮೇಲೆ ಕೂತು ಗಿರಾಕಿಗೆ ಕಾಯುತ್ತಿದ್ದ.

"ಅತ್ತೆ, ಹತ್ತಿ."

"ನಾನ್ಯಾಕೆ? ನಿನಗೇನು ತಲೆ ಕೆಟ್ಟಿದ್ಯಾ?"

"ಗಾಡಿ ನಿಮ್ಮ ಹೆಸರಲ್ಲಿದೆ. ಕಾಲು ಸರಿ ಇಲ್ಲ ಅಂದೋರೂ ನೀವೇ. ನಿಮ್ಮ ಕಣ್ಣಲ್ಲೇ ನೋಡಿ. ಮುಳ್ಳು ಕೆಂಪು ಗೆರೆ ಮೇಲೆ ಇದ್ದೇ ಇಂಜಿನ್ ನಿಂತ್ರೆ ತಪ್ಪು ನನ್ನದು, ಕೀ ನಿಮ್ಮ ಕೈಗೆ ಹಾಕ್ತೀನಿ. ಇನ್ನು ಆ ಮಾತು ಎತ್ತಲ್ಲ. ಮುಳ್ಳು ಮೊದಲು ಬಿದ್ರೆ ತಪ್ಪು ಗಾಡಿದು."

ಭಾವ ಗಹಗಹಿಸಿ ನಕ್ಕ. "ಅಮ್ಮ, ಇವಳ ಮಾತು ಕೇಳ್ಕೊಂಡು ನೀನು..."

ಅತ್ತೆ ಅವನ ಕಡೆ ನೋಡಲೂ ಇಲ್ಲ. ಗಾಡಿಯ ಬಾಗಿಲನ್ನೇ ನೋಡುತ್ತಿದ್ದಳು. ಮಗ ಹೋದ ಮೇಲೆ ಅವಳು ಆ ಗಾಡಿಯೊಳಗೆ ಕಾಲಿಟ್ಟಿರಲಿಲ್ಲ. ಒಮ್ಮೆ ಕೈಚಾಚಿ ಹಿಡಿ ಮುಟ್ಟಿದಳು, ಹಿಂದೆಗೆದಳು. ಆಮೇಲೆ, "ಎಷ್ಟು ಎತ್ತರ ಇಟ್ಟಿದ್ದಾರೋ ಹಾಳಾದೋರು" ಅಂತ ಗೊಣಗಿಕೊಂಡು ಹತ್ತಿ ಕೂತಳು. ಹಾರ್ನಕ್ಕನಿಗೆ ಆಗ ಒಂದು ಅನುಮಾನ ಬಂತು. ಅತ್ತೆ ಮನಸ್ಸು ಮಾಡಿದರೆ ಕಂಡದ್ದನ್ನು ಕಂಡಿಲ್ಲ ಅನ್ನಬಹುದಲ್ಲ? ಅನ್ನಲಿ, ನೋಡೇ ಬಿಡೋಣ ಅಂತ ಗೇರ್ ಹಾಕಿದಳು.

ಸಮ ರಸ್ತೆಯಲ್ಲಿ ಮುಳ್ಳು ಕೆಂಪು ಗೆರೆಯ ಮೇಲೆ ಕೂತಿತ್ತು. ಅತ್ತೆ ಮೂಗನ್ನು ಗಾಜಿಗೆ ಅಂಟಿಸಿ ನೋಡುತ್ತಿದ್ದಳು. ಏರು ಶುರುವಾಯಿತು.

"ಎಲ್ಲಿದೆ ಅತ್ತೆ?"

"ಗೆರೆ ಮೇಲೇ ಇದೆ."

"ಈಗ?"

"ಇದೆ ಅಂದ್ನಲ್ಲ. ರಸ್ತೆ ನೋಡು ನೀನು."

ಅರ್ಧ ಏರು ಬಂತು. ಹಾರ್ನಕ್ಕನ ಎಡಗಾಲು ಕ್ಲಚ್ಚಿನಿಂದ ದೂರ, ನೆಲದ ಮೇಲಿತ್ತು. ಬೇಕೆಂದೇ ಇಟ್ಟಿದ್ದಳು, ಅತ್ತೆಗೆ ಕಾಣಲಿ ಅಂತ.

"ಏನೇ ಇದು... ನಡುಗ್ತಿದೆ. ಏ ಏ ಏ, ಇಳೀತಾ ಇದೆ ಕಣೇ! ಗೆರೆ ಬಿಟ್ಟು ಕೆಳಗೆ ಬಂತು! ಇನ್ನೂ ಕೆಳಗೆ... ಇಂಜಿನ್ ಓಡ್ತಾನೇ ಇದೆಯಲ್ಲೇ?"

"ಓಡ್ತಿದೆ."

"ಬಿತ್ತು! ಪೂರಾ ಬಿತ್ತು!"

ಆಗ ಗಾಡಿ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ಗಪ್ ಅಂತ ನಿಂತಿತು. ಹಾರ್ನಕ್ಕ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದೆ ಮೇಸ್ತ್ರಿ ಧುಮುಕಿ ಚಕ್ರಕ್ಕೆ ಕಲ್ಲು ಒತ್ತಿದ ಸದ್ದು ಕೇಳಿತು. ಆಮೇಲೆ ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೆಳಗೆ ಸ್ಕೂಟರಿನಲ್ಲಿ ಬೆನ್ನು ಹತ್ತಿ ಬಂದಿದ್ದ ದೊಡ್ಡ ಮಗನಿಗೆ ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಕೂಗಿದಳು.

"ಮುಳ್ಳು ಮೊದಲು ಬಿತ್ತು ಕಣೋ! ಇವಳ ಕಾಲು ನೆಲದ ಮೇಲಿತ್ತು! ನಾನೇ ನೋಡಿದೆ!"

ಹಾರ್ನಕ್ಕ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಕಣ್ಣು ಮುಚ್ಚಿದಳು. ಅಳು ಬಂತು. ಅಳುವುದಿಲ್ಲ ಅಂತ ಹಟ ಹಿಡಿದು, ಮೂಗು ಎಳೆದುಕೊಂಡು ಎದ್ದಳು.

ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದಾಗ ಮುಳ್ಳು ಮತ್ತೆ ಗೆರೆಗೆ ಬಂತು. ನಾಲ್ಕು ಮಾರು ಹತ್ತುವುದರಲ್ಲಿ ಮತ್ತೆ ಬಿತ್ತು. ಮೇಸ್ತ್ರಿ ತಾನೊಮ್ಮೆ ಕೂತು ನೋಡುತ್ತೇನೆ ಅಂದರೆ ಅತ್ತೆ ಸೀಟು ಬಿಟ್ಟುಕೊಡಲಿಲ್ಲ. "ನಾನು ಹೇಳ್ತೀನಿ, ನೀನು ಕಲ್ಲು ಹಿಡ್ಕೋ" ಅಂದಳು. ಹಾಗೆ ನಿಂತು ನಿಂತು, ಮೇಲೆ ಐಸ್ ಇಳಿಸಿ, ಶೆಡ್ಡಿಗೆ ಬಂದರು. ಭಾವನ ಸ್ಕೂಟರೂ ಹಿಂದೆಯೇ ಬಂತು. ಮೇಸ್ತ್ರಿಯ ಮುಖ ಅಷ್ಟರಲ್ಲಿ ಬೇರೆಯೇ ಆಗಿತ್ತು. "ಏರಿನಲ್ಲಿ ಟ್ಯಾಂಕಿನ ಪೆಟ್ರೋಲ್ ಹಿಂದಕ್ಕೆ ಸರಿಯುತ್ತೆ. ಪಂಪೂ ಹಿಂದೆನೇ ಇರೋದು. ಪೆಟ್ರೋಲ್ ಜೊತೆ ಇನ್ನೇನೋ ಸರಿದು ಬಂದು ಪಂಪಿನ ಬಾಯಿಗೆ ಕೂರ್ತಿದೆ. ಇಂಜಿನ್ ನಿಂತ್ರೆ ಎಳೆತ ಇರಲ್ಲ, ಬಿಟ್ಟುಬಿಡುತ್ತೆ. ನನಗೆ ಮೊದಲೇ ಹೊಳೀಬೇಕಿತ್ತು ಅಕ್ಕ, ತಪ್ಪಾಯ್ತು" ಅಂತ ಟ್ಯಾಂಕ್ ಇಳಿಸಿ, ಪಂಪ್ ಬಿಚ್ಚಿದ. ಕೊಕ್ಕೆ ಮಾಡಿದ ತಂತಿಯನ್ನು ಒಳಗೆ ಬಿಟ್ಟು, ತಡಕಾಡಿ, ಏನನ್ನೋ ಎಳೆದ.

ಬಂತು. ನೆನೆದು ಮುದ್ದೆಯಾದ ಒಂದು ಬಟ್ಟೆ. ಮೇಸ್ತ್ರಿ ಬಿಡಿಸಿ ಹಿಡಿದ. ಹಸಿರು ಬಣ್ಣ, ಹಳದಿ ಹೂವು.

ಹಾರ್ನಕ್ಕನಿಗೆ ಕಂಡ ತಕ್ಷಣ ಎಲ್ಲ ಅರ್ಥವಾಯಿತು. ಮಾತು ಬಿಟ್ಟಿದ್ದ ಆ ದಿನ, ಮುಚ್ಚಳವಿಲ್ಲದ ಟ್ಯಾಂಕು, ಗೋಡೆಗೆ ಹೇಳಿದ ಮಾತು. ಸಂದಿ ಕಂಡಲ್ಲೆಲ್ಲ ಮಸಿಬಟ್ಟೆ ತುರುಕುವ ಕೈ ಆ ಮನೆಯಲ್ಲಿ ಒಂದೇ. ಬೆಳಿಗ್ಗೆ ಅವಳು ಹೊಸ ಮುಚ್ಚಳ ಹಾಕುವ ಹೊತ್ತಿಗೆ ಬಟ್ಟೆ ಒಳಗೆ ಜಾರಿತ್ತು. ಅತ್ತೆ ಹೇಳಲಿಲ್ಲ, ಅವಳು ಕೇಳಲಿಲ್ಲ. ಒಂದು ತಿಂಗಳು ತನ್ನ ಕಾಲಿಗೆ ಬಿದ್ದ ಬೈಗುಳವೆಲ್ಲ ಈಗ ಮರಳಿ ಕೊಡಬಹುದಿತ್ತು. ಬಾಯಿ ತೆರೆದಳು. ಅತ್ತೆಯ ಮುಖ ನೋಡಿದಳು, ಅದು ಬಿಳಿಚಿಕೊಂಡಿತ್ತು. ಮಾತಿಗೆ ಮಾತು ಬಿಡದ ಹಾರ್ನಕ್ಕ ತೆರೆದ ಬಾಯಿ ಮುಚ್ಚಿಕೊಂಡಳು.

ಭಾವನಿಗೆ ಅಷ್ಟೇ ಬೇಕಾಗಿತ್ತು. "ನೋಡಿದ್ಯಾಮ್ಮ? ನಮ್ಮ ಮನೆ ಮಸಿಬಟ್ಟೆ! ಟ್ಯಾಂಕಿಗೆ ಬಟ್ಟೆ ಹಾಕೋಳ ಕೈಗೆ ಗಾಡಿ ಕೊಡ್ತಾರಾ ಯಾರಾದ್ರೂ? ಗಿರಾಕಿ ಬರ್ತಿದ್ದಾನೆ, ಕೊಟ್ಟು ಕೈತೊಳ್ಕೋ."



"ಬಾಯಿ ಮುಚ್ಚೋ" ಅಂದಳು ಅತ್ತೆ. ಮುಂದೆ ಬಂದು ಮೇಸ್ತ್ರಿಯ ಕೈಯಿಂದ ಬಟ್ಟೆ ಕಿತ್ತುಕೊಂಡಳು. "ಇದು ನಾನು ತುರುಕಿದ್ದು. ಗಾಡಿ ಬಾಯಿ ಬಿಟ್ಕೊಂಡು ನಿಂತಿತ್ತು, ಮಳೆ ಬಂದ್ರೆ ಏನ್ ಗತಿ ಅಂತ ನಾನೇ ಎದ್ದುಹೋಗಿ ತುರುಕಿದೆ. ನನ್ನ ಮಗನ ಗಾಡಿ, ಹಾಗೆ ಬಿಡ್ಲಾ? ಇವಳಿಗೆ ಹೇಳ್ಬೇಕಿತ್ತು, ಸಿಟ್ಟಿತ್ತು, ಹೇಳ್ಲಿಲ್ಲ. ಏನೀಗ? ಗಲ್ಲಿಗೆ ಹಾಕ್ತೀಯಾ ನನ್ನ?"

ಅತ್ತೆ ಸೊಸೆಯ ಕಡೆ ತಿರುಗಿದಳು.

"ನೀನ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೆ? ಗುರುತು ಸಿಕ್ಕಿತ್ತಲ್ವಾ?"

"ಸಿಕ್ಕಿತ್ತು."

"ಮತ್ತೆ ಹೇಳ್ಲಿಲ್ಲ?"

"ಮಗನ ಮುಂದೆ ನಿಮ್ಮನ್ನ ಸಣ್ಣ ಮಾಡೋದು ಬೇಡ ಅನ್ನಿಸ್ತು."

"ನಿನ್ನ ದಯೆ ನಂಗೆ ಬೇಡ ಕಣೇ!" ಅತ್ತೆಯ ಜೋರು ಇಳಿಯಲಿಲ್ಲ. "ಒಂದು ತಿಂಗಳು ನಿನ್ನ ಕಾಲು ಸರಿ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ಸರಿ ಇಲ್ಲದ್ದು ನನ್ನ ಕೈ. ಅದನ್ನೂ ಊರೆಲ್ಲ ಹೇಳ್ತೀನಿ. ಬಾ, ಹತ್ತು."

ಮೇಸ್ತ್ರಿ ಟ್ಯಾಂಕ್ ತೊಳೆದು, ಪಂಪ್ ಕೂರಿಸಿ, ಎಲ್ಲ ಜೋಡಿಸಿದ. ಗೇಜ್ ಗಾಜಿನ ಮೇಲೇ ಇರಲಿ, ಸಂಜೆಯ ಲೋಡಿಗೆ ಏರು ಹತ್ತಿಸಿ ನೋಡಿಯೇ ತೆಗೆಯುತ್ತೇನೆ ಅಂದ. ಹಾರ್ನಕ್ಕ ಸ್ಟಾರ್ಟ್ ಮಾಡಿದಳು, ಅತ್ತೆ ಪಕ್ಕದಲ್ಲಿ ಕೂತಳು. ಭಾವ ಶೆಡ್ಡಿನ ಬಾಗಿಲಲ್ಲಿ ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ಅಮ್ಮ, ಗಿರಾಕಿಗೆ ಮಾತು ಕೊಟ್ಟಿದ್ದೀನಿ. ನನ್ನ ಮರ್ಯಾದೆ ಪ್ರಶ್ನೆ."

"ಮಾತು ಕೊಟ್ಟೋನು ನೀನು, ನಿನ್ನ ಸ್ಕೂಟರ್ ಕೊಡು. ಗಾಡಿ ನನ್ನ ಹೆಸರಲ್ಲಿದೆ, ಇವಳ ಕೈಯಲ್ಲಿದೆ. ಸರಿ ಪಕ್ಕಕ್ಕೆ, ಐಸ್ ತುಂಬ್ಕೊಂಡು ಬರ್ಬೇಕು."

ಅವನು ಸರಿಯಲಿಲ್ಲ. ಹಾರ್ನಕ್ಕ ಏನು ಮಾಡಲಿ ಅನ್ನುವ ಹಾಗೆ ಪಕ್ಕಕ್ಕೆ ತಿರುಗುವಷ್ಟರಲ್ಲಿ, ಮಗ ಹೋದಂದಿನಿಂದ ಕಿವಿ ಮುಚ್ಚಿಕೊಂಡೇ ಬಂದಿದ್ದ ಆ ಮುದುಕಿ ಅವಳ ಮುಂದೆ ಕೈಚಾಚಿ, ಅಂಗೈ ಪೂರ್ತಿ ಊರಿ, ಹಾರ್ನು ಒತ್ತಿದಳು. ತಗಡಿನ ಛಾವಣಿ ಗಡಗಡ ಅಂದಿತು. ಭಾವ ಗೋಡೆಗೆ ಅಂಟಿಕೊಂಡ. ಗಾಡಿ ಹೊರಗೆ ಬಂದು ರಸ್ತೆಗೆ ತಿರುಗಿದರೂ ಅತ್ತೆ ಕೈ ತೆಗೆಯಲಿಲ್ಲ.